ಅದೇ ಇಬ್ಬರು ದಾರಿಹೋಕರು

ನಿವೃತ್ತರಾದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಒಂದು ಪತ್ತೇದಾರಿ ಕಾದಂಬರಿ ಬರೆದರು. ಪ್ರಕಾಶಕರು ಅದನ್ನು ಪೂರ್ತಿ ಓದಿ, ಅವರನ್ನು ಕರೆಸಿ, ಕಾಫಿ ತರಿಸಿದರು.

“ಭಾಷೆ ಚೆನ್ನಾಗಿದೆ ಸಾರ್. ಮೊದಲನೇ ಪುಸ್ತಕ ಅಂತ ಅನ್ಸೋದೇ ಇಲ್ಲ.”

“ಸರ್ವೀಸ್ ಪೂರ್ತಿ ಬರ್ದಿದ್ದೇ ಬರ್ದಿದ್ದು. ಕೈ ಪಳಗಿದೆ,” ಎಂದು ಸಾಹೇಬರು ಮೀಸೆ ನೀವಿಕೊಂಡರು.

“ಆದ್ರೆ ಕೊಲೆಗಾರ ಸಿಕ್ಕಿಬೀಳೋ ಕಡೆ ಎಡವಿದ್ದೀರಿ. ಅವನು ತಾನಾಗೇ ಪೊಲೀಸರನ್ನ ಹೊಲಕ್ಕೆ ಕರ್ಕೊಂಡು ಹೋಗಿ, ಪೊದೆಯೊಳಗಿಂದ ಮಚ್ಚು ತೆಗೆದು ಕೊಡ್ತಾನೆ. ಅದೂ ಒಂದೇಟೂ ಬೀಳದೆ!”

“ಹೌದು.”

“ಸರಿಯಾಗಿ ಅದೇ ಹೊತ್ತಿಗೆ ಇಬ್ಬರು ದಾರಿಹೋಕರು ಬಂದು, ಎಲ್ಲಾ ಕಣ್ಣಾರೆ ನೋಡಿ, ಸಾಕ್ಷಿ ರುಜು ಹಾಕ್ತಾರೆ.”

“ಪಂಚನಾಮೆ ಅಂದ್ಮೇಲೆ ಹಾಕಲೇಬೇಕಲ್ಲ!”

“ಹಾಕಲಿ ಸಾರ್. ಆದ್ರೆ ನಿಮ್ಮ ಕಾದಂಬರಿಲಿ ಮೂರು ಕೊಲೆ, ಮೂರು ಊರು, ಮೂವರು ಕೊಲೆಗಾರರು. ಮೂರೂ ಕಡೆ ಅದೇ ಇಬ್ಬರು ದಾರಿಹೋಕರು! ಸ್ವಲ್ಪ ಬದಲಾಯಿಸಿ.”

ಸಾಹೇಬರ ಮುಖ ಕೆಂಪಾಯಿತು. ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿದರು.

“ಪ್ರೇಮ ಪ್ರಸಂಗ ಬೇಕಾದ್ರೆ ಪೂರ್ತಿ ಕಿತ್ತುಹಾಕಿ, ಬೇಜಾರಿಲ್ಲ. ಇದರಲ್ಲಿ ಮಾತ್ರ ಒಂದಕ್ಷರ ಮುಟ್ಟಕೂಡದು.”

“ಹಾಗಲ್ಲ ಸಾರ್, ಇಂಥದ್ದನ್ನ ಚಿಕ್ಕ ಮಕ್ಕಳೂ ನಂಬಲ್ಲ. ಓದಿದವರು ನಂಬೋದು ಬೇಡ್ವಾ?”

“ನಂಬದೇ ಏನ್ರೀ? ಜಡ್ಜ್ ಸಾಹೇಬ್ರು ಓದಿ ನಂಬಿದ್ರು. ಆ ಮೂವರೂ ಇನ್ನೂ ಜೈಲಲ್ಲೇ ಇದ್ದಾರೆ.”