ಡಬಲ್ ಸವಾರಿ

ಕಾಲುವೆ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿದ್ದಷ್ಟೇ ಕಂಪೌಂಡರನಿಗೆ ನೆನಪು. ಕಣ್ಣು ಬಿಟ್ಟಾಗ ಒದ್ದೆ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ. ಎಡಗೈ ತನಗೆ ಸಂಬಂಧವೇ ಇಲ್ಲವೆಂಬಂತೆ ಪಕ್ಕದಲ್ಲಿ ಬಿದ್ದುಕೊಂಡಿತ್ತು. ಪ್ರೀತಿಯ ರೇಸಿಂಗ್ ಸೈಕಲ್ಲಿನ ಚಕ್ರ ಸೊಟ್ಟಗಾಗಿ ಆಕಾಶ ನೋಡುತ್ತಿತ್ತು. ಆಕಾಶವಾದರೂ ಎಲ್ಲಿ, ಸುತ್ತ ಬರೀ ಮಂಜು. ಮುಂದೆ ಹೋದ ಟೀಚರಿಗೆ ಗೊತ್ತಾಗುವುದೇ ಇಲ್ಲ, ಅಂದುಕೊಂಡ. ಊರ ಬಾಯಿಯ ಸೇತುವೆಯವರೆಗೆ ತಲೆ ಎತ್ತುವುದಿಲ್ಲ, ಇವತ್ತು ಟೈಮ್ ನೋಡಿಯೇ ತೀರುತ್ತೇನೆ ಎಂದು ಹಟ ಹಿಡಿದು ಹೊರಟಿದ್ದರು ಆಕೆ.

ಚಳಿಗಾಲ ಪೂರ್ತಿ ಇಬ್ಬರದೂ ಇದೇ ಪಾಡು. ಬೆಳಕು ಹರಿಯುವ ಮೊದಲೇ ಸೈಕಲ್ ತುಳಿತ, ಆಮೇಲೆ ಇವನು ಆಸ್ಪತ್ರೆಯ ಔಷಧಿ ಕೌಂಟರಿಗೆ, ಆಕೆ ಶಾಲೆಗೆ ಲೆಕ್ಕ ಹೇಳಿಕೊಡಲು. ಚಳಿ ಕಳೆದ ಮೇಲೆ ನಡೆಯುವ ರೇಸಿಗಾಗಿ ಇಷ್ಟೆಲ್ಲ. “ಸಂಬಳ ಕೊಡೋ ಕೆಲ್ಸಕ್ಕೆ ಎಬ್ಬಿಸಿದ್ರೂ ಏಳಲ್ಲ, ಬಿಟ್ಟಿ ಕೆಲ್ಸಕ್ಕೆ ಕೋಳಿಗಿಂತ ಮುಂಚೆ ಏಳ್ತಾರೆ” ಎಂದು ಇವನ ಹೆಂಡತಿ ಎಲ್ಲರೆದುರು ಆಡಿಕೊಳ್ಳುತ್ತಿದ್ದಳು.

ಮಂಜಿನೊಳಗಿಂದ ಟಿಕಟಿಕ ಸದ್ದು ಹತ್ತಿರವಾಯಿತು. ಟೀಚರು ಸೈಕಲ್ಲಿಂದ ಜಿಗಿದರು.

“ಅಕ್ಕಾ... ಹೇಗೆ ಗೊತ್ತಾಯ್ತು?”

“ನೀನೋ ಕಮ್ಮಾರನ ತಿದಿ ಹಾಗೆ ಉಸಿರು ಬಿಡೋ ಆಸಾಮಿ. ಹಿಂದೆ ಸದ್ದೇ ನಿಂತುಹೋಯ್ತು. ಏನೋ ಎಡವಟ್ಟಾಗಿದೆ ಅಂತ ತಿರುಗಿಸ್ದೆ. ಕಾಲು ಆಡ್ಸು. ಕತ್ತು ತಿರುಗ್ಸು. ಹ್ಞಾಂ, ಸಾಕು.”

“ಭುಜದ ಮೂಳೆ ಹೋಗಿದೆ. ನಿಮ್ಮ ಟೈಮೂ ಹಾಳಾಯ್ತು.”

“ಬಾಯಿ ಮುಚ್ಚು.”

ಅವನ ಫೋನು ಕಾಲುವೆ ಪಾಲಾಗಿತ್ತು. ಆಕೆಯದು ಚಳಿಗೆ ಬ್ಯಾಟರಿ ಸತ್ತು ಕಲ್ಲಾಗಿತ್ತು. ಆ ಹೊತ್ತಿನಲ್ಲಿ ಆ ರಸ್ತೆಗೆ ನರಪಿಳ್ಳೆಯೂ ಬರುವುದಿಲ್ಲ. ಅವನ ಹಲ್ಲು ಕಟಕಟ ಬಡಿದುಕೊಳ್ಳತೊಡಗಿದವು, ಮಾತು ತೊದಲಿತು. ಟೀಚರು ತಮ್ಮ ಜಾಕೆಟ್ ಬಿಚ್ಚಿ ಅವನಿಗೆ ಹೊದಿಸಿದರು. ಮಫ್ಲರಿನಿಂದ ಕೈಯನ್ನು ಎದೆಗೆ ಬಿಗಿದು ಕಟ್ಟಿ, ಎಬ್ಬಿಸಿ ನಿಲ್ಲಿಸಿದರು.

“ಹತ್ತು.”

“ಎಲ್ಲಿಗೆ?”

“ಬಾರ್ ಮೇಲೆ. ಕ್ಯಾರಿಯರ್ ಎಲ್ಲಿದೆ ಇದಕ್ಕೆ?”

“ಅಕ್ಕಾ, ನನ್ನ ತೂಕ...”

“ಗೊತ್ತು. ಮದುವೆ ಆದ್ಮೇಲೆ ಎಷ್ಟು ಏರ್ತು ಅನ್ನೋದೂ ಗೊತ್ತು. ಹತ್ತು ಅಂದೆ!”

ಬಾರ್ ಮೇಲೆ ಅವನು ಕೊನೆಯ ಸಲ ಕೂತಿದ್ದು ಅಪ್ಪ ಶಾಲೆಗೆ ಬಿಡುತ್ತಿದ್ದ ಕಾಲದಲ್ಲಿ. ಈಗ ಒಂದೊಂದು ಕಲ್ಲು ಸಿಕ್ಕಾಗಲೂ ಕಣ್ಣಮುಂದೆ ನಕ್ಷತ್ರ ಕಂಡವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿತವಾದ ಮಂಪರು ಕವಿಯಿತು. ಅವನ ತಲೆ ವಾಲಿದ್ದೇ ತಡ, ಕಿವಿಯ ಪಕ್ಕದಲ್ಲೇ ತರಗತಿಯ ದನಿ ಗುಡುಗಿತು.

“ಹದಿನೇಳರ ಮಗ್ಗಿ ಹೇಳು!”

“ಅಕ್ಕಾ, ಈಗ...”

“ಈಗಲೇ! ಹದಿನೇಳಾರ್ಲೆ?”

“ತೊಂಬತ್ತೆಂಟು.”

“ನೂರಾ ಎರಡು! ಕಣ್ಣು ಬಿಡು. ಮೊದಲಿಂದ ಹೇಳು.”

ಸೇತುವೆಯ ಏರಿನಲ್ಲಿ ಸೈಕಲ್ಲು ಕುಡುಕನಂತೆ ಅತ್ತಿತ್ತ ತೂರಾಡಿತು. ಆಕೆಯ ಎದೆ ಢವಢವ ಹೊಡೆದುಕೊಳ್ಳುವುದು ಅವನ ತೋಳಿಗೆ ತಾಗುತ್ತಿತ್ತು. “ಇಳೀತೀನಿ” ಅಂದ. “ಇಳಿದ್ರೆ ಬೀಳ್ತೀಯ. ಬಿದ್ರೆ ಎತ್ತೋಕೆ ನನ್ ಕೈಲಾಗಲ್ಲ. ಮಗ್ಗಿ ಹೇಳು” ಎಂದರು, ಒಂದೊಂದು ಮಾತಿಗೂ ಒಂದೊಂದು ಉಸಿರು ಎಳೆದುಕೊಂಡು. ಹದಿನೇಳು ಮುಗಿಸಿ ಹದಿನೆಂಟಕ್ಕೆ ಬರುವಾಗ ಏರು ಹೇಗೆ ಮುಗಿಯಿತೋ ಅವನಿಗೆ ತಿಳಿಯಲಿಲ್ಲ.

ಊರೊಳಗೆ ಬಸ್ಸಿಗೆ ಕಾಯುತ್ತಿದ್ದ ಶಾಲೆಯ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. “ಗುಡ್ ಮಾರ್ನಿಂಗ್ ಮಿಸ್!” ಎಂದು ಒಕ್ಕೊರಲಿನಿಂದ ಕೂಗಿದವು.

“ದಾರಿ ಬಿಡ್ರೋ! ಎಲ್ರೂ ಹೋಮ್‌ವರ್ಕ್ ಮಾಡಿದ್ದೀರೇನ್ರೋ?” ಎಂದು ಟೀಚರು ನಿಲ್ಲದೆ ಹೋದರು.

ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಹೋಗುತ್ತಿದ್ದ ಆಸ್ಪತ್ರೆಯ ಬಾಗಿಲಿಗೇ ಕಂಪೌಂಡರ್ ಅಂದು ಮೈಯೆಲ್ಲ ಕೆಸರು ಮೆತ್ತಿಕೊಂಡು, ಸೈಕಲ್ಲಿನ ಬಾರ್ ಮೇಲೆ ಬಂದಿಳಿದ. ಜೊತೆಯವರೇ ಸ್ಟ್ರೆಚರ್ ತಂದರು. ಭುಜದ ಮೂಳೆ ಎರಡಾಗಿತ್ತು, ಪಕ್ಕೆಲುಬು ಬಿರುಕು ಬಿಟ್ಟಿತ್ತು. “ಆ ಚಳೀಲಿ ಇನ್ನೂ ಸ್ವಲ್ಪ ಹೊತ್ತು ಬಿದ್ದಿದ್ರೆ ಮೂಳೆ ಕೂಡಿಸೋ ಕೆಲ್ಸಾನೇ ಇರ್ತಿರಲಿಲ್ಲ” ಎಂದರು ಡಾಕ್ಟರು. ನರ್ಸು ಅವನ ಹೊದಿಕೆ ಸರಿಮಾಡಿದಳು. ಅವನ ಕಣ್ಣಂಚಿನಿಂದ ನೀರು ಕಿವಿಗಿಳಿಯಿತು.

ಪರದೆಯ ಸಂದಿಯಿಂದ ಹೊರಗಿನ ಬೆಂಚು ಕಾಣುತ್ತಿತ್ತು. ಟೀಚರು ಅಲ್ಲಿ ಕುಸಿದು ಕೂತಿದ್ದರು. ಯಾರೋ ಚಹಾ ತಂದುಕೊಟ್ಟಿದ್ದರು, ಆದರೆ ಹ್ಯಾಂಡಲ್ ಹಿಡಿದು ಹಿಡಿದು ಮರಗಟ್ಟಿದ್ದ ಬೆರಳುಗಳು ಲೋಟವನ್ನು ಬಾಯಿಯವರೆಗೆ ಒಯ್ಯಲಾರದೆ ಅರ್ಧ ಚಹಾ ಮಡಿಲಿಗೇ ಚೆಲ್ಲಿತ್ತು. ಅಷ್ಟರಲ್ಲಿ ಅವನ ಹೆಂಡತಿ ಓಡಿ ಬಂದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು. ಪರದೆ ಸರಿಸಿ ಒಳಗೆ ಇಣುಕಿದಳು. ಉಸಿರಾಡುತ್ತಿದ್ದಾನೆ, ಕಣ್ಣು ಬಿಟ್ಟಿದ್ದಾನೆ, ಅಷ್ಟು ಸಾಕಾಯಿತು. ತಿರುಗಿ ಬೆಂಚಿನ ಮುಂದೆ ಮಂಡಿಯೂರಿ, ಟೀಚರ ಕೈಯಿಂದ ಲೋಟ ತೆಗೆದುಕೊಂಡು ಅವರ ತುಟಿಗೆ ಹಿಡಿದಳು.

“ಕುಡೀರಿ ಅಕ್ಕ” ಎಂದಳು, ಸೆರಗಿನಿಂದ ಕಣ್ಣೊರೆಸಿಕೊಂಡು.

ಟೀಚರು ಎರಡು ಗುಟುಕು ಕುಡಿದು, ತುಟಿ ಒರೆಸಿಕೊಂಡರು. “ಅಳಬೇಡಮ್ಮ. ನಿನ್ನ ಗಂಡನ್ನ ಹೊತ್ಕೊಂಡು ಆ ಏರು ಹತ್ತಿದೀನಿ. ಇನ್ನು ರೇಸಿನ ದಿನ ಬರೀ ಸೈಕಲ್ ಹತ್ತಿಸೋದು ಏನು ಮಹಾ?”

ಹೆಂಡತಿ ಅಳುತ್ತಳುತ್ತಲೇ ನಕ್ಕಳು. ಲೋಟವನ್ನು ಮತ್ತೆ ಟೀಚರ ತುಟಿಗೆ ಹಿಡಿದಳು.