ಅಂಜಿಕೆಯ ಸರದಿ

ನರಗಳ ಅಪ್ಪಣೆಯಿಲ್ಲದೆ ಅಡ್ರಿನಲ್ ಗ್ರಂಥಿ ಅಂಜಿಕೆ-ಸಿಟ್ಟಿನ ಹಾರ್ಮೋನನ್ನು ಒಂದು ಹನಿಯೂ ಬಿಡದು. ಆ ಅಪ್ಪಣೆ ಕೊಡುವ ಕೆಲಸವನ್ನು ಈಗ ಪಾಲಿಕೆ ವಹಿಸಿಕೊಂಡಿತ್ತು. ಹಾಗಾಗಿ ಅಂಜಿಕೆಯೂ ಸಿಟ್ಟೂ ನಲ್ಲಿನೀರಿನಂತೆ ವಾರಕ್ಕೊಮ್ಮೆ, ಓಣಿಯ ಸರದಿಯ ಪ್ರಕಾರ ಬರುತ್ತಿದ್ದವು. ಸೋಮವಾರ ಹಾವು ಕಂಡ ಅಂಬವ್ವ ಗುರುವಾರ ಚೀರಿದ್ದಳು.

ವಾರ್ಡಿನ ವಾಲ್ವ್ ತಿರುಗಿಸುವ ಫಕ್ಕೀರಪ್ಪ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಕಾರ್ಪೊರೇಟರ್ ಕಲ್ಲನಗೌಡರು ಸಿಟ್ಟಿನಿಂದ ನಡುಗುತ್ತ ಬಂದರು. ಅವರ ಮನೆಗೆ ದಿನವಿಡೀ ಸರಬರಾಜು.

"ನಿನ್ನೆ ನನ್ನ ಭಾಷಣದಾಗ ವಾಲ್ವ್ ಯಾಕ ಬಿಟ್ಟಿ? ಮಂದಿ ಚಪ್ಪಲಿ ಒಗದ್ರು. ನಾಳಿಂದ ಕೆಲಸಕ್ಕ ಬರಬ್ಯಾಡ."

ಫಕ್ಕೀರಪ್ಪ ಅಗಿಯುತ್ತಲೇ ಇದ್ದ.

"ಏನಲೇ, ಅಂಜಿಕಿ ಇಲ್ಲೇನು ನಿನಗ?"

"ಅಂಜಬೇಕಂತೀನ್ರಿ ಗೌಡ್ರ. ಆದ್ರ ನಮ್ಮದು ಲೈನಿನ ಕಡೀ ಮನಿ, ಅಲ್ಲೀತನಕ ಪ್ರೆಷರ್ ಮುಟ್ಟಂಗಿಲ್ಲ. ಹೋದ ವರ್ಷ ನಿಮಗ ಹೇಳಿದ್ನಲ್ರಿ, 'ನೋಡೂಣು' ಅಂದಿದ್ರಿ."