ಜಪಸರದ ಪಾಠ ಯಾರದು?

ಭಾನುವಾರ ಬೆಳಿಗ್ಗೆ ಹತ್ತೂಕಾಲು. ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದ ಸೆವ್ರಿನ್, ಮನೆಯಲ್ಲೇ ಕಲಿಯುವ ಮಗಳು ರೆನಿಟಾಳ ಎಂಟನೇ ತರಗತಿಯ ಪಾಠಯೋಜನೆ ಬರೆಯಲು ಕುಳಿತಳು. ಎಲ್ಲ ಮನೆಗಳಂತೆ ಇಲ್ಲೂ ಪಾಠವೆಲ್ಲ ತಲೆಪಟ್ಟಿಯಲ್ಲೇ. ಅದನ್ನು ತಲೆಗೆ ಕಟ್ಟಿಕೊಂಡರೆ ಆ ವಿಷಯದ ಬಗ್ಗೆ ಹೆತ್ತವರಿಗಿರುವ ನೆನಪೆಲ್ಲ ಇದ್ದ ಹಾಗೇ ಮಕ್ಕಳಿಗೆ ಹೋಗುತ್ತದೆ. ಬೇಕಾದ್ದನ್ನಷ್ಟೇ ಆರಿಸಿ ಕೊಡಲಾಗದು.

ಬೀಜಗಣಿತ ಮತ್ತು ಧರ್ಮಸಭೆಯ ಚರಿತ್ರೆಯ ಮುಂದೆ ತನ್ನ ಹೆಸರು ಬರೆದಳು. ಮಣಿ ಎಣಿಸುತ್ತ ಹೇಳುವ ಜಪಸರದ ಪ್ರಾರ್ಥನೆಯ ಮುಂದೆ ಗಂಡ ಬಾಸಿಲನದು.

"ನನ್ನ ತಲೆಯಲ್ಲಿ ಜಪಸರ ಅಂದ್ರೆ ಬರೀ ನಿದ್ದೆ ಮಾರಾಯ್ತಿ," ಎಂದು ಬಾಸಿಲ್ ನಕ್ಕ. "ಹುಡುಗಿ ಮೊದಲ ದಿನವೇ ಗೊರಕೆ ಹೊಡೆದಾಳು. ನೀನೇ ಕಲಿಸು."

ಸೆವ್ರಿನಳ ಮುಖ ಬಿಸಿಯಾಯಿತು. ಮಾತು ಬಿಟ್ಟಿದ್ದ ಅಣ್ಣ ಸಿಪ್ರಿಯನ್ ಹೋದ ವರ್ಷ ರಾಜಿಗೆಂದು ಬಂದು ಬಾಗಿಲು ತಟ್ಟಿದ್ದ. ಒಳಗೆ ಒಬ್ಬಳೇ ಇದ್ದ ಅವಳು ಬಾಗಿಲು ತೆರೆಯದೆ, ತಟ್ಟುವುದು ಕೇಳಿಸದಂತೆ ಜಪಸರದ ದನಿ ಏರಿಸಿದ್ದಳು. ತಾನು ಜಪಸರ ಕಲಿಸಿದರೆ ಅದನ್ನೂ ಮಗಳು ನೋಡುತ್ತಾಳೆ. ಕಾರಣ ಹೇಳದೆ ತಪ್ಪಿಸಿಕೊಳ್ಳುವ ದಾರಿ ಕಾಣದೆ, ಗಂಡನ ಹೆಸರು ಹೊಡೆದುಹಾಕಿ ತನ್ನದು ಬರೆದಳು.

ಸೋಮವಾರ ಜಪಸರದ ಪಾಠ ಮುಗಿದಾಗ ರೆನಿಟಾ ತಲೆಪಟ್ಟಿ ಬಿಚ್ಚಿಟ್ಟಳು.

"ಮಮ್ಮಿ, ಮಾಮ ಬಾಗಿಲ ಹೊರಗೆ ಎಷ್ಟು ಹೊತ್ತು ನಿಂತಿದ್ರು?"

"ಜಪಸರ ಮುಗಿಯುವ ತನಕ," ಎಂದಳು ಸೆವ್ರಿನ್, ತಲೆ ಎತ್ತದೆ.

ಮಂಗಳವಾರ ಸಂಜೆ ಅವಳು ಅಣ್ಣನ ಮನೆಗೆ ಹೋದಳು. ಒಳಗೆ ಜಪಸರ ನಡೆದಿತ್ತು. ಮುಗಿಯುವ ತನಕ ಅಂಗಳದಲ್ಲೇ ನಿಂತು, ಆಮೇಲೆ ಬಾಗಿಲು ತಟ್ಟಿದಳು.